ಎಂಟು ಹೇಂಟೆಗೆ ಎರಡು ಹುಂಜ: ಯಾವುದನ್ನು ಉಳಿಸಿಕೊಳ್ಳಬೇಕು?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಮನೆ ಹಿಂದೆ ಅಡಿಕೆ ತೋಟ, ಅದರಾಚೆ ಕಾಡು. ಐದು ನಾಟಿ ಹೇಂಟೆ, ಮೂರು ಸ್ವರ್ಣಧಾರ ತಳಿಯ ಹೇಂಟೆ ಸಾಕಿದ್ದೇವೆ. ಹೋದ ವರ್ಷ ತಂದ ಮರಿಗಳಲ್ಲಿ ಎರಡು ಹುಂಜಗಳಾದವು. ಒಂದು ನಾಟಿ, ಇನ್ನೊಂದು ಗಿರಿರಾಜ ತಳಿಯದು. ಎರಡಕ್ಕೂ ಈಗ ಹತ್ತು ತಿಂಗಳು. ನಾಟಿ ಹುಂಜ ನನ್ನ ಮಗಳ ಮೇಲೆ ಎರಡು ಸಲ ಹಾರಿ ಬಂದಿದೆ. ಗಿರಿರಾಜ ಸಾಧು, ಆದರೆ ಈಚೆಗೆ ಎರಡು ನಾಟಿ ಹೇಂಟೆಗಳ ಬೆನ್ನು ಬೋಳಾಗಿದೆ. ಬೆಳಗಿನ ಜಾವದ ಕೂಗಿಗೆ ಪಕ್ಕದ ಮನೆಯವರು ಗೊಣಗುತ್ತಾರೆ. ಎರಡನ್ನೂ ಕೊಟ್ಟುಬಿಡೋಣ ಅಂದರೆ ಅತ್ತೆಯವರು ಒಪ್ಪುತ್ತಿಲ್ಲ: ಹುಂಜ ಇಲ್ಲದಿದ್ದರೆ ಮೊಟ್ಟೆ ನಿಲ್ಲುತ್ತದೆ, ತೋಟದಲ್ಲಿ ಒಂದು ಕೋಳಿಯೂ ಉಳಿಯುವುದಿಲ್ಲ ಅನ್ನುತ್ತಾರೆ. ವರ್ಷಕ್ಕೆ ಒಂದೆರಡು ಸಲ ಮರಿ ಮಾಡಿಸುವ ಆಸೆಯೂ ಇದೆ. ಏನು ಮಾಡಲಿ?

ಉತ್ತರ: ಎರಡನ್ನೂ ಕೊಟ್ಟುಬಿಡಿ. ನೀವು ಬರೆದಿರುವುದನ್ನು ನೋಡಿದರೆ ಈ ಎರಡರಲ್ಲಿ ಒಂದನ್ನೂ ಉಳಿಸಿಕೊಳ್ಳಲು ಕಾರಣ ಕಾಣುವುದಿಲ್ಲ. ಅವು ಹೋದ ಮೇಲೆ ಮೂರನೆಯದೊಂದನ್ನು ತರಬೇಕೋ ಬೇಡವೋ ಎಂಬುದು ಬೇರೆ ಮಾತು. ಅದನ್ನು ತೀರ್ಮಾನಿಸುವುದು ಮೊಟ್ಟೆಯಲ್ಲ, ಕಾವಲೂ ಅಲ್ಲ; ನಿಮ್ಮ ಮನೆಯಲ್ಲಿ ಹುಟ್ಟಲಿರುವ ಹುಂಜಮರಿಗಳನ್ನು ನೀವು ಏನು ಮಾಡುತ್ತೀರಿ ಎಂಬುದು. ಅಲ್ಲಿಗೆ ಬರುವ ಮುನ್ನ ಅತ್ತೆಯವರ ಎರಡು ಮಾತುಗಳನ್ನು ನೋಡೋಣ. ಒಂದು ಪೂರ್ತಿ ತಪ್ಪು, ಇನ್ನೊಂದು ಅರ್ಧ ಸರಿ.

ಮೊಟ್ಟೆಯ ವಿಷಯ ಬೇಗ ಮುಗಿಯುತ್ತದೆ. ಹೇಂಟೆ ಮೊಟ್ಟೆ ಇಡಲು ಹುಂಜ ಬೇಕಿಲ್ಲ. ಅಂಗಡಿಗೆ ಬರುವ ಫಾರಂ ಮೊಟ್ಟೆಗಳೆಲ್ಲ ಹುಂಜದ ಮುಖವನ್ನೇ ನೋಡದ ಕೋಳಿಗಳು ಇಟ್ಟವು. ಮೊಟ್ಟೆ ಬರುವುದು ವಯಸ್ಸು, ಹಗಲಿನ ಬೆಳಕು, ಮೇವು ಈ ಮೂರರ ಮೇಲೆ. ಹುಂಜ ಕೊಟ್ಟ ಮೇಲೆ ಮೊಟ್ಟೆ ನಿಂತಿತು ಎಂದು ಊರಲ್ಲಿ ಹೇಳುವುದಕ್ಕೆ ಕಾರಣ ಬೇರೆ. ನಾಟಿ ಹೇಂಟೆ ಹತ್ತು ಹದಿನೈದು ಮೊಟ್ಟೆಯ ಒಂದು ಸರದಿ ಮುಗಿಸಿ ಕಾವಿಗೆ ಕೂರುತ್ತದೆ. ವರ್ಷಕ್ಕೊಮ್ಮೆ ಪುಕ್ಕ ಉದುರಿಸುವಾಗ ಆರೆಂಟು ವಾರ ಮೊಟ್ಟೆಯೇ ಇರುವುದಿಲ್ಲ. ಮಳೆಗಾಲದ ಮಬ್ಬಿನಲ್ಲಿ, ತೋಟದಲ್ಲಿ ಹುಳುಹುಪ್ಪಟೆ ಕೆದಕಲಾಗದ ದಿನಗಳಲ್ಲಿ ಮೊಟ್ಟೆ ಕಡಿಮೆಯಾಗುತ್ತದೆ. ಇದೇ ಹೊತ್ತಿಗೆ ಹುಂಜ ಹೋಗಿದ್ದರೆ ಅಪವಾದ ಅದರ ಮೇಲೆ. ಹುಂಜ ತೆಗೆದ ಮೊದಲ ಎರಡು ಮೂರು ದಿನ ಹೇಂಟೆಗಳು ಗಲಿಬಿಲಿಗೊಳ್ಳುವುದು, ಯಾರು ಮೇಲು ಎಂದು ಕಚ್ಚಾಡುವುದು ಉಂಟು. ಒಂದು ವಾರದಲ್ಲಿ ಸರಿಹೋಗುತ್ತದೆ. ಹುಂಜದ ಜೊತೆಗಿದ್ದ ಹೇಂಟೆಯ ಮೊಟ್ಟೆ ಹೆಚ್ಚು ಪುಷ್ಟಿ ಎಂಬ ಮಾತಿಗೂ ಆಧಾರವಿಲ್ಲ. ತಿನ್ನುವ ಮಟ್ಟಿಗೆ ಎರಡೂ ಒಂದೇ.

ವ್ಯತ್ಯಾಸ ಇರುವುದು ಇಟ್ಟುಕೊಳ್ಳುವುದರಲ್ಲಿ. ಹುಂಜವಿಲ್ಲದ ಮೊಟ್ಟೆಯೊಳಗೆ ಬೆಳೆಯುವಂಥದ್ದೇನೂ ಇಲ್ಲ. ಹುಂಜ ಕೂಡಿದ ಮೊಟ್ಟೆಯನ್ನು ಏಪ್ರಿಲ್–ಮೇ ಸೆಕೆಯಲ್ಲಿ ಒಲೆಯ ಹತ್ತಿರದ ಗೂಡಿನಲ್ಲಿ ಮೂರು ನಾಲ್ಕು ದಿನ ಬಿಟ್ಟರೆ ಒಳಗೆ ಬೆಳವಣಿಗೆ ಶುರುವಾಗಿ ರಕ್ತದ ಗೆರೆ ಕಾಣಿಸಬಹುದು. ಹಾಗಾಗಿ ಹುಂಜ ಇರುವ ಮನೆಯಲ್ಲಿ ದಿನಕ್ಕೆರಡು ಸಲ ಮೊಟ್ಟೆ ಎತ್ತಿ ತಂಪಿನಲ್ಲಿಡಬೇಕು, ಕಾವಿಗೆ ಕೂತ ಕೋಳಿಯ ಕೆಳಗೆ ಮರೆತ ಮೊಟ್ಟೆಯನ್ನು ಅಡುಗೆಗೆ ತರಬಾರದು.

ಇನ್ನು ಕಾವಲು. ಅತ್ತೆಯವರ ಮಾತು ಅರ್ಧ ಸರಿ ಅಂದದ್ದು ಇದಕ್ಕೆ. ಹಗಲಲ್ಲಿ ಒಳ್ಳೆಯ ಹುಂಜ ನಿಜಕ್ಕೂ ಕೆಲಸ ಮಾಡುತ್ತದೆ. ಹೇಂಟೆಗಳು ತಲೆ ತಗ್ಗಿಸಿ ಕೆದಕುತ್ತಿರುವಾಗ ಅದು ತಲೆಯೆತ್ತಿ ಸುತ್ತ ನೋಡುತ್ತಿರುತ್ತದೆ. ಆಕಾಶದಿಂದ ಬರುವ ಅಪಾಯಕ್ಕೆ ಒಂದು ಕೂಗು, ನೆಲದ ಮೇಲಿನದಕ್ಕೆ ಇನ್ನೊಂದು. ಗಿಡುಗ ಕಂಡರೆ ಸಣ್ಣಗೆ ಎಳೆದ ಸದ್ದು. ಅದನ್ನು ಕೇಳಿದ ಹೇಂಟೆಗಳು ಪೊದೆಗೆ ನುಗ್ಗುತ್ತವೆ ಅಥವಾ ಇದ್ದಲ್ಲೇ ಅಡಗುತ್ತವೆ. ನಾಯಿ, ಮುಂಗುಸಿ ಕಂಡರೆ ಜೋರಾಗಿ ಕೊಕ್ಕರಿಸುತ್ತಲೇ ಇರುತ್ತದೆ. ಆಗ ಎಲ್ಲವೂ ಕತ್ತೆತ್ತಿ ನಿಲ್ಲುತ್ತವೆ. ಅಡಿಕೆ ತೋಟದ ಒಳಗೆ ಸೋಗೆಯ ಮರೆಯಿರುವುದರಿಂದ ಗಿಡುಗ ಎರಗುವುದು ಕಡಿಮೆ. ಅದು ಹೊಂಚು ಹಾಕುವುದು ಅಂಗಳ, ಗದ್ದೆಯಂಚು, ಬ್ಯಾಣದಂಥ ಬಯಲಿನಲ್ಲಿ. ನಿಮ್ಮ ಕೋಳಿಗಳು ಹಗಲೆಲ್ಲ ಬಯಲಲ್ಲಿ ಮೇಯುತ್ತಿದ್ದರೆ ಹುಂಜದ ಕಣ್ಣಿಗೆ ಬೆಲೆಯಿದೆ.

ಆದರೆ ಮಲೆನಾಡಿನಲ್ಲಿ ಕೋಳಿ ಹೆಚ್ಚಾಗಿ ಹೋಗುವುದು ಹಗಲಲ್ಲ, ರಾತ್ರಿ. ಕತ್ತಲಲ್ಲಿ ಹುಂಜಕ್ಕೂ ಕಣ್ಣು ಕಾಣುವುದಿಲ್ಲ, ಅದೂ ಗಳದ ಮೇಲೆ ಮರಗಟ್ಟಿದಂತೆ ಕೂತಿರುತ್ತದೆ. ಪುನುಗು, ಕಾಡುಬೆಕ್ಕು, ಹೆಬ್ಬಾವು ಬಂದಾಗ ಅದು ಕಾವಲುಗಾರನಲ್ಲ, ಇನ್ನೊಂದು ಊಟ. ಹುಂಜ ಇದೆ ಎಂದು ಗೂಡಿನ ಬಾಗಿಲು ಸಡಿಲ ಬಿಟ್ಟ ಮನೆಗಳಲ್ಲೇ ನಷ್ಟ ದೊಡ್ಡದು. ಹುಂಜಕ್ಕೆ ಹಾಕುವ ಮೇವಿನ ದುಡ್ಡನ್ನು ಮೊದಲು ಗೂಡಿಗೆ ಹಾಕಿ: ಅಡಿಕೆ ದಬ್ಬೆಯ ಸಂದಿಗಳನ್ನು ಅರ್ಧ ಇಂಚಿನ ವೆಲ್ಡ್ ಮೆಶ್‌ನಿಂದ ಮುಚ್ಚಿ (ಆರು ಮೂಲೆಯ ತೆಳು ಕೋಳಿ ಬಲೆಯನ್ನು ನಾಯಿ ಹಲ್ಲಿನಲ್ಲೇ ಹರಿಯುತ್ತದೆ), ಕೆಳಗೆ ಒಂದು ಅಡಿ ಆಳಕ್ಕೆ ಮೆಶ್ ಹೂಳಿ ಅಥವಾ ಕಲ್ಲು ಹಾಸಿ, ಬಾಗಿಲಿಗೆ ಹಗ್ಗದ ಬದಲು ಕೊಂಡಿ ಮತ್ತು ಚಿಲಕ ಎರಡನ್ನೂ ಹಾಕಿ. ಕೇರೆಹಾವು ಮೊಟ್ಟೆಗೆ, ಎಳೆ ಮರಿಗೆ ಬರುತ್ತದೆ; ಅದಕ್ಕೆ ಒಂದಿಂಚಿನ ಸಂದಿ ಸಾಕು.

ಈಗ ನಿಮ್ಮ ಎರಡು ಹುಂಜಗಳ ವಿಷಯ.

ಗಿರಿರಾಜ ಸಾಧು ಎಂದಿರಿ. ಸಾಧು ನಿಜ, ತೂಕದ್ದೇ ತೊಂದರೆ. ಚೆನ್ನಾಗಿ ಬೆಳೆದ ಗಿರಿರಾಜ ಹುಂಜ ಮೂರೂವರೆ, ನಾಲ್ಕು ಕಿಲೋ ತೂಗುತ್ತದೆ. ನಿಮ್ಮ ನಾಟಿ ಹೇಂಟೆ ಒಂದೂಕಾಲು, ಹೆಚ್ಚೆಂದರೆ ಒಂದೂವರೆ ಕಿಲೋ ಇದ್ದೀತು. ತನ್ನ ಎರಡೂವರೆ ಪಟ್ಟು ಭಾರವನ್ನು ಆ ಬೆನ್ನು ಹೊರಬೇಕು. ಹುಂಜ ಹತ್ತುವಾಗ ನೆತ್ತಿಯ ಪುಕ್ಕ ಕಚ್ಚಿ, ಎರಡು ಪಾದಗಳನ್ನು ಬೆನ್ನಿನ ಮೇಲೆ ಒತ್ತಿ ತುಳಿಯುತ್ತದೆ. ಮೊದಲು ನೆತ್ತಿ ಮತ್ತು ಬೆನ್ನಿನ ಪುಕ್ಕ ಮುರಿಯುತ್ತದೆ, ಆಮೇಲೆ ಚರ್ಮ ಕೆಂಪಾಗುತ್ತದೆ, ಕೊನೆಗೆ ಉಗುರು ಜಾರಿ ರೆಕ್ಕೆಯ ಬುಡದಲ್ಲಿ, ಪಕ್ಕೆಯಲ್ಲಿ ಚರ್ಮ ಸೀಳುತ್ತದೆ. ಈ ಸೀಳು ರೆಕ್ಕೆಯ ಕೆಳಗೆ ಮುಚ್ಚಿಹೋಗುವುದರಿಂದ ಹೊರಗಿನಿಂದ ಕಾಣುವುದಿಲ್ಲ. ಮಳೆಗಾಲದಲ್ಲಿ ಎರಡೇ ದಿನದಲ್ಲಿ ನೊಣ ಮೊಟ್ಟೆಯಿಟ್ಟು ಹುಳ ಬೀಳುತ್ತದೆ. ನಮ್ಮ ಕಡೆ ಹೇಂಟೆಗಳು ‘ಏನೂ ಇಲ್ಲದೆ’ ಮಂಕಾಗಿ ಸಾಯುವುದಕ್ಕೆ ಇದೂ ಒಂದು ಕಾರಣ.

ಆದ್ದರಿಂದ ಇವತ್ತು ಸಂಜೆ ಗೂಡಿಗೆ ಸೇರಿದ ಮೇಲೆ ಐದೂ ನಾಟಿ ಹೇಂಟೆಗಳನ್ನು ಒಂದೊಂದಾಗಿ ಹಿಡಿದು ಎರಡೂ ರೆಕ್ಕೆ ಎತ್ತಿ ಟಾರ್ಚಿನಲ್ಲಿ ನೋಡಿ. ಗಾಯವಿದ್ದರೆ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ತೊಳೆದು ಒರೆಸಿ, ಪೊವಿಡೋನ್ ಅಯೋಡಿನ್ ಹಚ್ಚಿ, ಗಾಯದ ಸುತ್ತ ನೊಣ ಕೂರದಂತೆ ಬೇವಿನ ಎಣ್ಣೆ ಸವರಿ, ಬೇರೆ ಕೋಳಿಗಳು ಕುಕ್ಕದಂತೆ ಪ್ರತ್ಯೇಕ ಇಡಿ. ಸೀಳು ಎರಡು ಬೆರಳಗಲಕ್ಕಿಂತ ದೊಡ್ಡದಿದ್ದರೆ, ಹುಳ ಬಿದ್ದಿದ್ದರೆ ಪಶು ಆಸ್ಪತ್ರೆಗೆ ಒಯ್ಯಿರಿ. ಬೋಳಾದ ಜಾಗದಲ್ಲಿ ಪುಕ್ಕ ಬುಡಸಮೇತ ಕಿತ್ತು ಬಂದಿದ್ದರೆ ಕೆಲವು ವಾರಗಳಲ್ಲಿ ಹೊಸದು ಮೂಡುತ್ತದೆ. ಮುರಿದು ಬರೀ ಕಡ್ಡಿ ಉಳಿದಿದ್ದರೆ ಮುಂದಿನ ಸಲ ಪುಕ್ಕ ಉದುರುವ ತನಕ ಹಾಗೇ ಇರುತ್ತದೆ, ಗಾಬರಿ ಬೇಡ. ಹೇಂಟೆಯ ಬೆನ್ನಿಗೆ ದಪ್ಪ ಬಟ್ಟೆಯ ಕವಚ ಹೊಲಿದು ಕಟ್ಟುವ ಉಪಾಯವೊಂದಿದೆ. ಒಣ ಸೀಮೆಗೆ ಅದು ಸರಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿ ಆ ಬಟ್ಟೆ ಒಣಗುವುದೇ ಇಲ್ಲ, ಒದ್ದೆ ಬಟ್ಟೆಯ ಕೆಳಗೆ ಚರ್ಮ ಕೊಳೆಯುತ್ತದೆ. ನಾವು ಅದನ್ನು ಹೇಳುವುದಿಲ್ಲ.

ಗಿರಿರಾಜವನ್ನು ಮರಿಗಾಗಿ ಉಳಿಸಿಕೊಳ್ಳುವುದರಲ್ಲೂ ಹುರುಳಿಲ್ಲ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಈ ತಳಿಯೂ, ಆಮೇಲೆ ಬಂದ ಸ್ವರ್ಣಧಾರವೂ ಬೇರೆ ಬೇರೆ ವಂಶಗಳನ್ನು ಕೂಡಿಸಿ ಮಾಡಿದವು. ಅವುಗಳ ಮರಿ ಅಪ್ಪ ಅಮ್ಮನ ಹಾಗೆಯೇ ಬರುವುದಿಲ್ಲ: ಒಂದು ದಪ್ಪ, ಒಂದು ಸಣಕಲು, ಬಣ್ಣವೂ ಚೂರುಪಾರು. ಮಾಂಸಕ್ಕೆ ಅಡ್ಡಿಯಿಲ್ಲ, ಆದರೆ ಆ ಮರಿಗಳಿಂದ ಮುಂದಿನ ಪೀಳಿಗೆ ಮಾಡಿಸಿದರೆ ಕಾವಿಗೆ ಕೂರುವ ಗುಣವೂ ತೆಳುವಾಗುತ್ತ ಹೋಗುತ್ತದೆ. ಗಿರಿರಾಜದ ಮರಿ ಬೇಕಿದ್ದರೆ ಸರ್ಕಾರಿ ಕೋಳಿ ಕೇಂದ್ರದಿಂದ ಒಂದು ದಿನದ ಮರಿಗಳನ್ನೇ ತರುವುದು ಲೇಸು.

ನಾಟಿ ಹುಂಜಕ್ಕೆ ಬರೋಣ. ಎಂಟರಿಂದ ಹನ್ನೆರಡು ತಿಂಗಳ ನಡುವೆ ಹುಂಜಕ್ಕೆ ಮದ ಏರುತ್ತದೆ, ಈ ವಯಸ್ಸಿನಲ್ಲಿ ಒಂದಿಷ್ಟು ಹಾರಾಟ ಇದ್ದದ್ದೇ. ದೊಡ್ಡವರ ಬೂಟಿನ ಮೇಲೆ ಒಮ್ಮೆ ಎಗರಿ ಸುಮ್ಮನಾದರೆ ತಿದ್ದಬಹುದು: ಒದೆಯಬೇಡಿ (ಒದೆದರೆ ಅದು ಕಾಳಗ ಎಂದೇ ತಿಳಿಯುತ್ತದೆ), ಓಡಬೇಡಿ, ಹಿಡಿದು ಕಂಕುಳಲ್ಲಿ ರೆಕ್ಕೆ ಒತ್ತಿ ಹತ್ತು ನಿಮಿಷ ಎತ್ತಿಕೊಂಡು ಓಡಾಡಿ, ತಣ್ಣಗಾದ ಮೇಲೆ ಬಿಡಿ. ಒಂದೆರಡು ವಾರ ದಿನಾ ಹೀಗೆ ಮಾಡಿದರೆ ಕೆಲವು ದಾರಿಗೆ ಬರುತ್ತವೆ. ಆದರೆ ಮಕ್ಕಳ ಮೇಲೆ ಎರಡನೇ ಸಲ ಹಾರಿದ ಹುಂಜವನ್ನು ಇಟ್ಟುಕೊಳ್ಳಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಮಗುವಿನ ಮುಖ ಹುಂಜದ ಕಾಲಿಗೆ ಎಟಕುವ ಎತ್ತರದಲ್ಲಿರುತ್ತದೆ, ಈಗ ಸಣ್ಣದಿರುವ ಕಾಲಿನ ಮುಳ್ಳು ವಯಸ್ಸಾದಂತೆ ಉದ್ದನೆಯ ಚೂಪು ಕೊಂಬಾಗುತ್ತದೆ. ಮುಳ್ಳಿನ ತುದಿ ಕತ್ತರಿಸುವುದು ಅಪಾಯ ಕಡಿಮೆ ಮಾಡೀತು, ಸ್ವಭಾವ ತಿದ್ದುವುದಿಲ್ಲ. ಈ ಸ್ವಭಾವ ಮರಿಗಳಿಗೂ ಇಳಿಯುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆ ಘಟ್ಟದ ಕೆಳಗಿನಿಂದ ಬಂದ ಅಂಕದ (ಕೋಳಿ ಕಾಳಗದ) ಹುಂಜಗಳ ರಕ್ತ ನಾಟಿ ಕೋಳಿಗಳಲ್ಲಿ ಅಲ್ಲಲ್ಲಿ ಬೆರೆತಿದೆ. ಉದ್ದ ಕಾಲು, ನೆಟ್ಟಗೆ ನಿಲ್ಲುವ ಮೈ, ಗಿಡ್ಡ ಜುಟ್ಟು ಇದ್ದು ಸಣ್ಣದಕ್ಕೂ ಕೆರಳುವಂತಿದ್ದರೆ ಅದೇ ಇರಬೇಕು. ಹಾಗಿದ್ದರೆ ಕೊಡುವಾಗ ಯಾರಿಗೆ ಕೊಡುತ್ತೀರಿ ನೋಡಿ. ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ.

ಕೂಗಿಗೆ ಮದ್ದಿಲ್ಲ ಎಂದೇ ಹೇಳಬೇಕು. ಬೆಳಕು ಕಂಡು ಹುಂಜ ಕೂಗುತ್ತದೆ ಎಂದು ನಾವೆಲ್ಲ ನಂಬಿದ್ದೆವು. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2013ರಲ್ಲಿ ಹುಂಜಗಳನ್ನು ಹಗಲು ರಾತ್ರಿ ಒಂದೇ ಮಂದ ಬೆಳಕಿನಲ್ಲಿಟ್ಟು ನೋಡಿದರು. ಆಗಲೂ ಅವು ಬೆಳಗಾಗುವ ಹೊತ್ತಿಗೇ ಕೂಗಿದವು. ಗಡಿಯಾರ ಅವುಗಳ ಮೈಯೊಳಗೇ ಇದೆ. ಹಾಗಾಗಿ ಗೂಡಿಗೆ ಗೋಣಿ ಹೊದಿಸಿದರೆ ಕೂಗು ಸ್ವಲ್ಪ ಮಂದವಾಗಿ ಕೇಳಿಸೀತು, ನಿಲ್ಲುವುದಿಲ್ಲ. ನಮ್ಮ ಹವೆಯಲ್ಲಿ ಹಾಗೆ ಗಾಳಿ ಮುಚ್ಚಿದರೆ ಹಿಕ್ಕೆಯ ಘಾಟಿಗೆ ಕೋಳಿಗಳಿಗೆ ಉಸಿರಿನ ಕಾಯಿಲೆ ಬರುವುದೇ ಹೆಚ್ಚು. ಕುತ್ತಿಗೆಗೆ ಬಿಗಿಯುವ ಪಟ್ಟಿ ಮಾರುತ್ತಾರೆ, ಅದನ್ನು ಮುಟ್ಟಲೇಬೇಡಿ; ಕಾಳು ತಿಂದು ಕುತ್ತಿಗೆಯ ಚೀಲ ಉಬ್ಬಿದಾಗ ಉಸಿರು ಕಟ್ಟುತ್ತದೆ. ಹತ್ತಿರದಿಂದ ಅಳೆದರೆ ಹುಂಜದ ಕೂಗು 100 ಡೆಸಿಬೆಲ್ ದಾಟುತ್ತದೆ. ಪಕ್ಕದ ಮನೆ ಒಂದು ಕೂಗಳತೆಯಾಚೆ ಇದ್ದರೆ ಯಾರೂ ಮಾತಾಡುವುದಿಲ್ಲ. ಬೇಲಿಯಾಚೆಯೇ ಇದ್ದರೆ ಇದು ಕೋಳಿಯ ಪ್ರಶ್ನೆಯಲ್ಲ, ನೆರೆಹೊರೆಯ ಪ್ರಶ್ನೆ. ಎರಡು ಹುಂಜ ಇದ್ದಲ್ಲಿ ಒಂದಕ್ಕೊಂದು ಉತ್ತರ ಕೊಡುತ್ತವೆ, ಒಂದೇ ಆದರೆ ಕೂಗಿನ ಸಂಖ್ಯೆ ಇಳಿಯುತ್ತದೆ ಎಂಬುದಷ್ಟೇ ಸಮಾಧಾನ.

ಇನ್ನು ಮರಿಯ ಲೆಕ್ಕ. ಒಂದು ನಾಟಿ ಹೇಂಟೆಯ ಕೆಳಗೆ ಹತ್ತು ಹನ್ನೆರಡು ಮೊಟ್ಟೆ ಇಡುತ್ತೀರಿ. ಎಲ್ಲ ಸರಿಹೋದರೆ ಎಂಟು ಹತ್ತು ಮರಿ ಏಳುತ್ತವೆ, ಅದರಲ್ಲಿ ಸರಿಸುಮಾರು ಅರ್ಧ ಹುಂಜ. ವರ್ಷಕ್ಕೆ ಎರಡು ಕಾವು ಎಂದರೆ ಎಂಟು ಹತ್ತು ಹುಂಜಮರಿ. ನಾಲ್ಕೈದು ತಿಂಗಳಿಗೆ ಅವು ಕೂಗಲು, ಕಾದಲು ಶುರುಮಾಡುತ್ತವೆ, ಹೇಂಟೆಗಳನ್ನು ಅಟ್ಟಿಸಿಕೊಂಡು ಹೋಗುತ್ತವೆ. ಮಾರುವಷ್ಟು ತೂಕ ಬರಲು ಆರೇಳು ತಿಂಗಳು ಬೇಕು. ಅಲ್ಲಿಯವರೆಗೆ ಅವಕ್ಕೆ ಬೇರೆ ಜಾಗ, ದಿನಕ್ಕೆ ತಲಾ 70–80 ಗ್ರಾಂ ಮೇವು ಇಡಬಲ್ಲಿರಾ? ಮನೆಯಲ್ಲಿ ಕೋಳಿ ತಿನ್ನುವವರಾದರೆ, ಮಾರಲು ಬೇಜಾರಿಲ್ಲದಿದ್ದರೆ ತಾಪತ್ರಯವಿಲ್ಲ. ನಮ್ಮ ಕಡೆ ಚೌಡಿಗೋ ಭೂತಕ್ಕೋ ಹರಕೆ ಹುಂಜ ಬೇಕೆಂದು ಕೇಳಿಕೊಂಡು ಬರುವವರು ಇದ್ದೇ ಇರುತ್ತಾರೆ, ನಾಟಿ ಹುಂಜಕ್ಕೆ ಗಿರಾಕಿ ಕಡಿಮೆಯಾಗುವುದಿಲ್ಲ. ಮನೆಯಲ್ಲಿ ಸಾಕಿದ್ದನ್ನು ಕೊಯ್ಯುವುದಿಲ್ಲ, ಕೊಯ್ಯುವವರಿಗೆ ಕೊಡುವುದೂ ಇಲ್ಲ ಎನ್ನುವವರು ಮರಿ ಮಾಡಿಸಲೇಬಾರದು. ಮರಿ ಬೇಡ ಎಂದ ಮೇಲೆ ಹುಂಜ ಯಾಕೆ?

ಮರಿ ಬೇಕೇ ಬೇಕು ಎಂದರೂ ವರ್ಷಕ್ಕೆ ಒಂದೆರಡು ಕಾವಿಗಾಗಿ ವರ್ಷವಿಡೀ ಹುಂಜ ಸಾಕುವುದು ನಷ್ಟದ ಬಾಬತ್ತು. ಅದರ ಬದಲು ಹುಂಜ ಇರುವ ಮನೆಯಿಂದ ಮೊಟ್ಟೆ ತನ್ನಿ. ನಿಮ್ಮ ನಾಟಿ ಹೇಂಟೆ ಗೂಡು ಬಿಡದೆ, ಕೈ ಚಾಚಿದರೆ ಪುಕ್ಕ ಕೆದರಿ ಗುರುಗುಟ್ಟುತ್ತ ಎರಡು ದಿನ ಕೂತಿತು ಎಂದ ಮೇಲೆ ತರಲು ಹೊರಡಿ. ಆ ಮನೆಯ ಹುಂಜ ಆ ಹೇಂಟೆಗಳ ಜೊತೆ ಕಡೇಪಕ್ಷ ಎರಡು ವಾರದಿಂದ ಇರಬೇಕು. ಮೊಟ್ಟೆ ಇಟ್ಟು ಏಳು ದಿನ ದಾಟಿರಬಾರದು. ಮಧ್ಯಮ ಗಾತ್ರದ್ದು, ಚಿಪ್ಪು ನಯವಾದದ್ದು, ಬಿರುಕಿಲ್ಲದ್ದು ಆರಿಸಿ. ತೊಳೆಯಬೇಡಿ, ತೊಳೆದರೆ ಚಿಪ್ಪಿನ ಮೇಲಿನ ರಕ್ಷಣೆಯ ಪೊರೆ ಹೋಗುತ್ತದೆ. ಚೂಪು ತುದಿ ಕೆಳಗೆ ಮಾಡಿ ಭತ್ತದ ಹೊಟ್ಟು ತುಂಬಿದ ಡಬ್ಬಿಯಲ್ಲಿಟ್ಟು ತನ್ನಿ. ನಮ್ಮ ರಸ್ತೆಗಳಲ್ಲಿ ಕುಲುಕಿ ಬಂದ ಮೊಟ್ಟೆಯನ್ನು ಒಂದು ರಾತ್ರಿ ಅಲುಗಾಡಿಸದೆ ಬಿಟ್ಟು, ಮಾರನೆಯ ದಿನ ಸಂಜೆ ಕತ್ತಲಾದ ಮೇಲೆ ಕೋಳಿಯ ಕೆಳಗೆ ಇಡಿ. ಅಷ್ಟರ ತನಕ ಅದರ ಕೆಳಗೆ ಎರಡು ಹಳೆಯ ಮೊಟ್ಟೆ ಗುರುತು ಹಾಕಿ ಬಿಟ್ಟಿರಿ, ಆಮೇಲೆ ತೆಗೆಯಿರಿ. ಎಲ್ಲ ಮೊಟ್ಟೆಯನ್ನೂ ಒಂದೇ ದಿನ ಇಡಬೇಕು. ದಿನಕ್ಕೊಂದರಂತೆ ಸೇರಿಸಿದರೆ ಮೊದಲ ಮರಿ ಎದ್ದ ಕೂಡಲೇ ತಾಯಿ ಉಳಿದವನ್ನು ಬಿಟ್ಟು ಏಳುತ್ತದೆ.

ಏಳನೇ ದಿನ ರಾತ್ರಿ ಮೊಬೈಲಿನ ಟಾರ್ಚನ್ನು ಮೊಟ್ಟೆಯ ದಪ್ಪ ತುದಿಗೆ ಒತ್ತಿ ನೋಡಿ. ಕೆಂಪು ನಾಳಗಳು ಜೇಡದ ಕಾಲುಗಳಂತೆ ಹರಡಿದ್ದರೆ ಜೀವವಿದೆ. ಪೂರ್ತಿ ತಿಳಿಯಾಗಿದ್ದರೆ ಫಲವಾಗಿಲ್ಲ, ಕೆಂಪು ಉಂಗುರ ಮಾತ್ರ ಇದ್ದರೆ ಬೆಳೆದು ಸತ್ತಿದೆ. ಎರಡನ್ನೂ ತೆಗೆಯಿರಿ, ಬಿಟ್ಟರೆ ಕೊಳೆತು ಒಡೆದು ಉಳಿದವನ್ನೂ ಕೆಡಿಸುತ್ತವೆ. 21ನೇ ದಿನಕ್ಕೆ ಮರಿ. 18ನೇ ದಿನದ ನಂತರ ಕೋಳಿಯನ್ನು ಎಬ್ಬಿಸಿ ನೋಡುವ ಕುತೂಹಲ ಬೇಡ.

ಕಾಲವೂ ಮುಖ್ಯ. ದೀಪಾವಳಿ ಕಳೆದ ಮೇಲೆ ಮೊದಲ ಕಾವು, ಶಿವರಾತ್ರಿಗೆ ಮುಂಚೆ ಕೊನೆಯದು. ಮಳೆಗಾಲದ ಮರಿ ಒದ್ದೆ ನೆಲದಲ್ಲಿ ಓಡಾಡಿ ಚಳಿ ಹಿಡಿದು, ಇಲ್ಲವೇ ರಕ್ತಭೇದಿಯಾಗಿ ಸಾಯುತ್ತದೆ. ಆ ರೋಗಾಣು ಒದ್ದೆ ಹಾಸಿನಲ್ಲೇ ಬಲಿಯುವುದು. ಶಿವರಾತ್ರಿಗೆ ಹುಟ್ಟಿದ ಮರಿಗೆ ಮಳೆ ಹಿಡಿಯುವ ಹೊತ್ತಿಗೆ ಮೂರು ತಿಂಗಳು ತುಂಬಿ ಪುಕ್ಕ ಬಲಿತಿರುತ್ತದೆ.

ಒಂದು ಸಂಗತಿ ಮರೆಯುವಂತಿಲ್ಲ: ಪಕ್ಕದ ಮನೆಯ ಹುಂಜ ನಿಮ್ಮ ತೋಟಕ್ಕೆ ಬರುತ್ತದೆಯೇ? ಬರುತ್ತಿದ್ದರೆ ನಿಮಗೆ ಬಿಟ್ಟಿ ಹುಂಜ ಇದ್ದಂತೆ. ಹೇಂಟೆಯ ಅಂಡನಾಳದಲ್ಲಿ ಹುಂಜದ ವೀರ್ಯ ಎರಡರಿಂದ ಮೂರು ವಾರ ಜೀವಂತ ಉಳಿಯುತ್ತದೆ, ಒಮ್ಮೆ ಕೂಡಿದ ಮೇಲೆ ಒಂದು ವಾರದ ಮೊಟ್ಟೆಗಳು ಚೆನ್ನಾಗಿ ಫಲವಾಗಿರುತ್ತವೆ. ನಿಮ್ಮ ಮೊಟ್ಟೆ ಫಲವಾಗಿದೆಯೇ ಎಂದು ತಿಳಿಯಲು ಅಡುಗೆಗೆ ಒಡೆಯುವಾಗ ಹಳದಿಯ ಮೇಲಿನ ಬಿಳಿ ಚುಕ್ಕೆ ನೋಡಿ. ಸಣ್ಣ, ಗಟ್ಟಿ, ಅಂಕುಡೊಂಕಾದ ಬಿಳಿ ಚುಕ್ಕೆಯಾದರೆ ಫಲವಾಗಿಲ್ಲ. ನಡುವೆ ತಿಳಿಯಾಗಿ ಸುತ್ತ ಬಿಳಿ ಬಳೆಯಿದ್ದು ನಾಲ್ಕು ಮಿಲಿಮೀಟರಿನಷ್ಟು ಅಗಲವಿದ್ದರೆ ಫಲವಾಗಿದೆ. ಐದಾರು ಮೊಟ್ಟೆ ನೋಡಿದರೆ ಕಣ್ಣು ಪಳಗುತ್ತದೆ. ಇದೇ ಲೆಕ್ಕದಲ್ಲಿ, ನಿಮ್ಮ ಗಿರಿರಾಜವನ್ನು ಕೊಟ್ಟ ಮೇಲೂ ಮೂರು ವಾರ ಅದರ ಮರಿಗಳೇ ಹುಟ್ಟಬಹುದು. ಹೊಸ ಹುಂಜದ ಮರಿಯೇ ಬೇಕೆಂದರೆ ಅಷ್ಟು ದಿನ ಕಾಯಿರಿ.

ಇಷ್ಟೆಲ್ಲ ಕೇಳಿದ ಮೇಲೂ ಹುಂಜ ಬೇಕು, ಕೋಳಿಗಳು ಬಯಲಲ್ಲೇ ಮೇಯುತ್ತವೆ, ವರ್ಷಕ್ಕೆ ಮೂರು ನಾಲ್ಕು ಕಾವು ಮಾಡಿಸುತ್ತೇವೆ, ಹುಂಜಮರಿ ಮಾರುತ್ತೇವೆ ಎಂದಾದರೆ ಒಂದೇ ಒಂದು ನಾಟಿ ಹುಂಜ ತನ್ನಿ. ಎಂಟು ಹತ್ತು ಹೇಂಟೆಗೆ ಒಂದು ಸಾಕು. ಎರಡಿದ್ದರೆ ಎಲ್ಲ ಹೊರೆ ಬೀಳುವುದು ಹೇಂಟೆಗಳ ಬೆನ್ನಿಗೆ. ಐದಕ್ಕಿಂತ ಕಡಿಮೆ ಹೇಂಟೆ ಇದ್ದರೆ ಒಂದೂ ಹೆಚ್ಚೇ. ತೂಕ ಎರಡು ಕಿಲೋ ಆಸುಪಾಸಿನಲ್ಲಿರಲಿ. ನಿಮ್ಮ ಸ್ವರ್ಣಧಾರ ಹೇಂಟೆಗಳು ಅದಕ್ಕಿಂತ ದೊಡ್ಡವಾದರೂ ಅಡ್ಡಿಯಾಗುವುದಿಲ್ಲ. ವಯಸ್ಸು ಒಂದರಿಂದ ಎರಡು ವರ್ಷದೊಳಗೆ. ಮರಿ ಹುಂಜಕ್ಕಿಂತ ಒಂದು ವರ್ಷ ದಾಟಿದ್ದನ್ನು ತರುವುದು ಒಳ್ಳೆಯದು, ಅದರ ಸ್ವಭಾವ ಆಗಲೇ ಬಯಲಾಗಿರುತ್ತದೆ.

ನೋಡಲು ಹೋದಾಗ ಹಿಡಿಯುವ ಮುಂಚೆ ಕಾಲು ಗಂಟೆ ದೂರ ನಿಂತು ನೋಡಿ. ನೆಲಕ್ಕೆ ಒಂದು ಹಿಡಿ ಅಕ್ಕಿ ನುಚ್ಚು ಎಸೆಯಿರಿ. ಒಳ್ಳೆಯ ಹುಂಜ ಕೊಕ್ಕಿನಿಂದ ಕಾಳೆತ್ತಿ, ಕೆಳಗೆ ಹಾಕಿ, ಟುಕ್ ಟುಕ್ ಎಂದು ಹೇಂಟೆಗಳನ್ನು ಕರೆಯುತ್ತದೆ. ತಾನೇ ಮುಂದೆ ನುಗ್ಗಿ ಹೇಂಟೆಗಳನ್ನು ಕುಕ್ಕಿ ಓಡಿಸುವುದು ಬೇಡ. ನೀವು ನಾಲ್ಕು ಹೆಜ್ಜೆ ಹತ್ತಿರ ಹೋದಾಗ ಹೇಂಟೆಗಳ ಮತ್ತು ನಿಮ್ಮ ನಡುವೆ ಬಂದು ನಿಂತು ಎಚ್ಚರದಿಂದ ನೋಡಬೇಕು. ಒಂದು ರೆಕ್ಕೆ ಇಳಿಬಿಟ್ಟು ಪಕ್ಕಕ್ಕೆ ಕುಣಿಯುತ್ತ ನಿಮ್ಮ ಕಡೆಗೇ ಬಂದರೆ ಹಾರುವ ಹುಂಜ ಅದು. ಕೈಗೆ ಬಂದ ಮೇಲೆ ಜುಟ್ಟು ಕೆಂಪಾಗಿದೆಯೇ, ಕಣ್ಣಲ್ಲಿ ನೀರು ನೊರೆ ಇದೆಯೇ, ಉಸಿರಾಡುವಾಗ ಗೊರಗೊರ ಸದ್ದಿದೆಯೇ, ಎದೆ ಮೂಳೆ ನೆಟ್ಟಗಿದೆಯೇ, ಅಂಗಾಲಿನಲ್ಲಿ ಕಪ್ಪು ಗಂಟು ಇದೆಯೇ ನೋಡಿ. ಕೊನೆಗೆ ಗುದದ್ವಾರದ ಸುತ್ತ, ರೆಕ್ಕೆಯ ಬುಡದಲ್ಲಿ ಪುಕ್ಕ ಬಿಡಿಸಿ ಕೋಳಿ ಹೇನು ಹುಡುಕಿ. ನಿಮ್ಮ ಹೇಂಟೆಗಳನ್ನು ತಂದ ಮನೆಯಿಂದಲೇ ಹುಂಜವನ್ನೂ ತರಬೇಡಿ, ಅಣ್ಣ ತಂಗಿಯಾಗಿರುತ್ತವೆ. ಇದೇ ಕಾರಣಕ್ಕೆ ವರ್ಷ ಒಂದೂವರೆ ವರ್ಷಕ್ಕೆ, ಅದರ ಮಗಳ ಮೊಟ್ಟೆ ಕಾವಿಗೆ ಇಡುವ ಮುಂಚೆ, ದೂರದ ಊರಿನವರೊಡನೆ ಹುಂಜ ಬದಲಾಯಿಸಿಕೊಳ್ಳಿ. ಹಾಗೆ ಮಾಡದೆ ಒಂದೇ ರಕ್ತ ಸುತ್ತುತ್ತಿದ್ದರೆ ಮೊದಲು ಮರಿ ಏಳುವುದು ಕಡಿಮೆಯಾಗುತ್ತದೆ, ಆಮೇಲೆ ಚಿಪ್ಪಿನೊಳಗೇ ಸಾಯುವ ಮರಿ, ಕಾಲು ಸೊಟ್ಟಗಿನ ಮರಿ ಹೆಚ್ಚುತ್ತವೆ.

ಮೇವಿನಲ್ಲಿ ಒಂದೇ ಎಚ್ಚರ. ಹೇಂಟೆಗಳಿಗೆ ಹಾಕುವ ಲೇಯರ್ ಮೇವಿನಲ್ಲಿ ಸುಣ್ಣದಂಶ ಶೇ 3.5ರ ಮೇಲಿರುತ್ತದೆ. ಹುಂಜಕ್ಕೆ ಶೇ 1 ಸಾಕು, ಹೆಚ್ಚಿನದು ವರ್ಷಗಟ್ಟಲೆ ಮೂತ್ರಪಿಂಡಕ್ಕೆ ಹೊರೆ. ಎಲ್ಲಕ್ಕೂ ಬೆಳವಣಿಗೆಯ ಮೇವನ್ನೇ ಹಾಕಿ, ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿಡಿ. ಬೇಕಾದ ಹೇಂಟೆ ತಾನೇ ಹೋಗಿ ತಿನ್ನುತ್ತದೆ.

ಸಂತೆಯಿಂದಾಗಲಿ ನೆಂಟರ ಮನೆಯಿಂದಾಗಲಿ ತಂದ ಹುಂಜವನ್ನು ಅದೇ ದಿನ ಗುಂಪಿಗೆ ಬಿಡುವುದೇ ಕೊಕ್ಕರೆ ರೋಗ (ರಾಣಿಖೇತ್) ಮನೆಗೆ ಬರುವ ದೊಡ್ಡ ದಾರಿ. ನೋಡಲು ಗಟ್ಟಿಮುಟ್ಟಾಗಿದ್ದರೂ ಸೋಂಕು ಹೊತ್ತಿರಬಹುದು. ಮೂರು ವಾರ ಕೊಟ್ಟಿಗೆಯ ಇನ್ನೊಂದು ಬದಿಯಲ್ಲೋ ದೂರದ ಮೂಲೆಯಲ್ಲೋ ಬೇರೆ ಇಡಿ, ನೀರು ಮೇವಿನ ಬಟ್ಟಲೂ ಬೇರೆ, ಮೊದಲು ನಿಮ್ಮ ಕೋಳಿಗಳ ಕೆಲಸ ಮುಗಿಸಿ ಕೊನೆಗೆ ಇದರ ಹತ್ತಿರ ಹೋಗಿ. ಈ ದಿನಗಳಲ್ಲಿ ಜಂತುಹುಳದ ಔಷಧಿ, ಹೇನಿಗೆ ಮದ್ದು ಮುಗಿಸಿ. ಆಮೇಲೆ ಮೂರು ನಾಲ್ಕು ದಿನ ಬಲೆಯ ಆಚೀಚೆ ಪರಸ್ಪರ ಕಾಣುವಂತೆ ಇಟ್ಟು, ಕತ್ತಲಾದ ಮೇಲೆ ಗಳದ ಮೇಲೆ ಕೂರಿಸಿ.

ಲಸಿಕೆ ಹಾಕಿಸಿದ್ದಾರೆಯೇ ಎಂದು ಕೇಳಿ. ಹಾಕಿಸಿದ್ದೇವೆ ಎಂದರೂ ದಿನಾಂಕ ಹೇಳಲಾಗದಿದ್ದರೆ ಇಲ್ಲವೆಂದೇ ತಿಳಿಯಿರಿ. ಎಂಟು ವಾರ ದಾಟಿದ ಕೋಳಿಗೆ ಕೊಕ್ಕರೆ ರೋಗಕ್ಕೆ ಆರ್2ಬಿ ಲಸಿಕೆ, ಚುಚ್ಚುಮದ್ದಿನ ರೂಪದಲ್ಲಿ. ಸೀಸೆಯಲ್ಲಿ ಬರುವುದೇ ನೂರಾರು ಕೋಳಿಗಾಗುವಷ್ಟು, ಕಲಸಿದ ಮೇಲೆ ಐಸ್ ಮೇಲಿಟ್ಟು ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಒಂದು ಹುಂಜಕ್ಕೆ ಎಂದು ಕೇಳಿದರೆ ಯಾರೂ ಸೀಸೆ ಒಡೆಯುವುದಿಲ್ಲ. ಹಾಗಾಗಿ ಅಕ್ಕಪಕ್ಕದ ಐದಾರು ಮನೆಯವರು ಮಾತಾಡಿಕೊಂಡು, ಎಷ್ಟು ಕೋಳಿ ಎಂದು ಬರೆದು ಪಶು ಆಸ್ಪತ್ರೆಯಲ್ಲಿ ಮೊದಲೇ ಹೇಳಿ ದಿನ ಗೊತ್ತು ಮಾಡಿಕೊಳ್ಳಿ. ಕೂಗಿಗೆ ಗೊಣಗುವ ಪಕ್ಕದ ಮನೆಯವರಿಗೂ ಕೋಳಿಗಳಿದ್ದರೆ ಅವರನ್ನೂ ಸೇರಿಸಿಕೊಳ್ಳಿ. ಲಸಿಕೆ ಹಾಕಿಸಿದ ಮೇಲೆ ರಕ್ಷಣೆ ಬರಲು ಹತ್ತು ಹದಿನೈದು ದಿನ ಬೇಕು, ಆದ್ದರಿಂದ ಹುಂಜ ಬೇರೆ ಇರುವ ಮೂರು ವಾರದ ಮೊದಲ ವಾರದಲ್ಲೇ ಇದನ್ನು ಮುಗಿಸಿ.